ಒಂದೇ ಬೋಗುಣಿಯ ನೀರು

ಈ ಸಲದ ದೀಪಾವಳಿಗೆ ನನ್ನ ತಂಗಿಯ ಸೊಸೆ ಶೈಲಾ ಹೂಕುಂಡ ಹಚ್ಚಲು ಹೋಗಿ ಕೈಗೆ ಮದ್ದು ಹಾರಿಸಿಕೊಂಡಳು. ಸುಟ್ಟಿರಲಿಲ್ಲ. ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಕಪ್ಪಾಗಿತ್ತು ಅಷ್ಟೆ. ಮುದುಕಿಯಾದರೂ ನರ್ಸ್ ನರ್ಸೇ ಅಂತ ಮನೆಯವರೆಲ್ಲ ಅವಳನ್ನು ತಂದು ನನ್ನ ಮುಂದೆ ಕೂರಿಸಿದರು. ಬೋಗುಣಿಯಲ್ಲಿ ನೀರು ತರಿಸಿ, ಕೆಂಪು ಸೋಪು ಹಚ್ಚಿ ಕೈ ತೊಳೆದೆ. ನೀರು ಬೂದಿಯ ಬಣ್ಣಕ್ಕೆ ತಿರುಗಿತು. ಸೋಪಿನ ವಾಸನೆಯೊಳಗೆ ಮದ್ದಿನ ಗಂಧಕದ ವಾಸನೆ ಸೇರಿಕೊಂಡು ಮೂಗಿಗೆ ಬಂತು. ಶೈಲಾ ಏನೋ ಕೇಳುತ್ತಿದ್ದಳು, ನನ್ನ ಕಿವಿಗೆ ಬೀಳಲಿಲ್ಲ. ಆ ಬಣ್ಣದ ನೀರನ್ನು ನಾನು ನೋಡಿ ನಲವತ್ತು ವರ್ಷದ ಮೇಲಾಗಿತ್ತು.

ಅದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮೊದಲಿನ ಒಂದು ಚಳಿಗಾಲ. ಪುಣೆಯ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿ ಎರಡನೆಯ ವರ್ಷ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ನಾನು ಧಾರವಾಡದವಳು. ನನಗೆ ಹದಿನಾಲ್ಕಾದಾಗ ಗಂಡ ತೀರಿಕೊಂಡ. ಪುಣೆಯಲ್ಲಿ ಗುಮಾಸ್ತನಾಗಿದ್ದ ನನ್ನಣ್ಣ, ಮನೆಯ ಹಿರಿಯರ ಜೊತೆ ಎರಡು ವರ್ಷ ಜಗಳಾಡಿ, ನನ್ನನ್ನು ಕರೆದುಕೊಂಡು ಬಂದು ಈ ಕೆಲಸ ಕಲಿಸಿದ. ಮಡಿ ಮೈಲಿಗೆ ಬಿಟ್ಟು ಹೋದಳು ಅಂತ ನಮ್ಮವ್ವ ಅತ್ತಳು. ಅವಳಿಗೆ ಗೊತ್ತಿರಲಿಲ್ಲ, ಮಡಿ ನನ್ನ ಜೊತೆಗೇ ಬಂದಿತ್ತು, ಆಸ್ಪತ್ರೆಯ ಕಾರ್ಬಾಲಿಕ್ ಸೋಪು ಹಚ್ಚಿಕೊಂಡು. ಒಬ್ಬರು ಮುಟ್ಟಿದ ನೀರು ಇನ್ನೊಬ್ಬರಿಗೆ ಇಲ್ಲ ಅನ್ನುವುದನ್ನು ನಾನು ಹಾಲು ಹಲ್ಲಿನ ಕಾಲಕ್ಕೇ ಕಲಿತವಳು. ನಮ್ಮ ಮೇಟ್ರನ್ ಬಾಯಿ, ಬಿಳಿಯ ಹೆಂಗಸು, ಅದನ್ನೇ ತನ್ನ ಒರಟು ಹಿಂದುಸ್ತಾನಿಯಲ್ಲಿ ಹೇಳಿದಾಗ ಉಳಿದ ಹುಡುಗಿಯರು ಮುಖ ಮುಖ ನೋಡಿಕೊಂಡರು. ನನಗೆ ಮಾತ್ರ ತೌರಿಗೆ ಬಂದಂತಾಯಿತು. ಮೊದಲು ತೊಳೆ, ಆಮೇಲೆ ಡಾಕ್ಟರನ್ನು ಕರೆ. ಪ್ರತಿ ರೋಗಿಗೆ ಹೊಸ ನೀರು. ಇವು ಆಕೆಯ ಎರಡು ಕಟ್ಟಪ್ಪಣೆಗಳು.

ಆ ದಿನಗಳಲ್ಲಿ ಊರ ಹೊರಗೆ, ಹಡಪಸರದ ಆಚೆ, ಮಗರಪಟ್ಟಾದ ಕಡೆಗೆಲ್ಲ, ಕಾಲುವೆಯ ನೀರಿಗೆ ಬೆಳೆದ ಕಬ್ಬು. ಬೆಳಗಿನ ಹೊತ್ತು ಆ ಕಡೆಯಿಂದ ಗಾಳಿ ಬೀಸಿದರೆ ವಾರ್ಡಿನೊಳಗೆ ಬೆಲ್ಲದ ವಾಸನೆ ಬರುತ್ತಿತ್ತು. ಹಲ್ಲು ಕಟಕಟ ಅನ್ನುವ ಚಳಿ. ನಮ್ಮ ರೋಗಿಗಳೂ ಬಹುಮಟ್ಟಿಗೆ ಕಬ್ಬಿನವರೇ. ಗಾಣದಲ್ಲಿ ಬೆರಳು ಕೊಟ್ಟವರು, ಕುದಿಯುವ ಪಾಕ ಕಾಲ ಮೇಲೆ ಚೆಲ್ಲಿಕೊಂಡವರು, ಕುಡುಗೋಲು ತಾಗಿದವರು.

ಇವರೆಲ್ಲರಿಗೂ ಒಂದೊಂದು ಆಕಡಾ ಇತ್ತು. ಆಕಡಾ ಅಂದರೆ ಮರಾಠಿಯಲ್ಲಿ ಅಂಕಿ. ಗಾಯ ಹೇಗಾಯಿತು ಅನ್ನುವುದನ್ನು ರಿಜಿಸ್ಟರಿನಲ್ಲಿ ಮಾತಿನಲ್ಲಿ ಬರೆಯುವಂತಿರಲಿಲ್ಲ. ಮೇಲಿನ ಕಚೇರಿಯಿಂದ ಅಚ್ಚಾದ ಒಂದು ಪಟ್ಟಿ ಬಂದಿತ್ತು. ಅದನ್ನು ಹೆಡ್ ಕ್ಲಾರ್ಕ್ ದಾಮಲೆಯವರು ಔಷಧದ ಕಪಾಟಿನ ಬಾಗಿಲಿಗೆ ಅಂಟಿಸಿದ್ದರು. ಬಿದ್ದದ್ದಕ್ಕೆ ಒಂದು ಅಂಕಿ, ಬೆಂಕಿಗೆ ಒಂದು, ಹಾವಿಗೆ ಒಂದು. ಬಂದೂಕಿನ ಗಾಯಕ್ಕೆ ಮೂರು: ಆಕಸ್ಮಿಕವಾದರೆ ಹದಿನೇಳು, ತಾನೇ ಹೊಡೆದುಕೊಂಡಿದ್ದರೆ ಹದಿನೆಂಟು, ಇನ್ನೊಬ್ಬರು ಹೊಡೆದಿದ್ದರೆ ಹತ್ತೊಂಬತ್ತು. ಪಟ್ಟಿ ಮಾಡಿದವರ ಪ್ರಕಾರ ಗುಂಡಿಗೆ ನಾಲ್ಕನೆಯ ದಾರಿಯಿರಲಿಲ್ಲ. ತಿಂಗಳ ಕೊನೆಗೆ ದಾಮಲೆ ಆ ಅಂಕಿಗಳನ್ನು ಕೂಡಿಸಿ ಮೇಲೆ ಕಳಿಸುತ್ತಿದ್ದರು. ಮನುಷ್ಯ ಸತ್ತರೂ ಚಿಂತೆಯಿಲ್ಲ, ರಿಜಿಸ್ಟರಿನಲ್ಲಿ ಒಂದು ಖಾಲಿ ಮನೆ ಕಂಡರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ, ಎಂಟರ ಸುಮಾರಿಗೆ, ಎತ್ತಿನ ಗಾಡಿಯೊಂದು ಆಸ್ಪತ್ರೆಯ ಮೆಟ್ಟಿಲ ಮುಂದೆ ನಿಂತಿತು. ಗಾಡಿಯೊಳಗೆ ಹುಲ್ಲಿನ ಮೇಲೆ ಒಬ್ಬ ಗಂಡಸು ಮಲಗಿದ್ದ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಂಡತಿ ಕೂತಿದ್ದಳು. ಬಲ ಹೆಗಲ ಕೆಳಗೆ ಮುಷ್ಟಿಯಷ್ಟು ಅಗಲದ ಗಾಯ. ಗಾಡಿ ಹೊಡೆದವನು ಮರಾಠಿಯಲ್ಲಿ ಒಂದೇ ಮಾತು ಹೇಳಿದ: ಕಬ್ಬಿನ ತೋಟದ ಕಾವಲುಗಾರ, ಬಂದೂಕು ಹಾರಿದೆ. ಹೆಂಡತಿ ಏನೋ ಗೊಣಗಿದಳು. ಕನ್ನಡ. ನಾನು ಬೆಚ್ಚಿ ನೋಡಿದೆ.

"ಯಾವೂರ ಅವ್ವಾ ನಿಮ್ಮದು?" ಅಂದೆ.

ಆಕೆ ನನ್ನ ಬಿಳಿ ಟೊಪ್ಪಿಗೆಯನ್ನು ನೋಡಿದಳು, ಮುಖ ನೋಡಿದಳು. "ಗೋಕಾಕ ಕಡೇವ್ರರಿ. ಅಕ್ಕಾರ, ನೀವು ನಮ್ಮವರೇನ್ರಿ? ಹಂಗಾರ ಇಂವ ಉಳೀತಾನ್ರಿ" ಅಂದಳು. ಎರಡಕ್ಕೂ ಏನು ಸಂಬಂಧವೋ!

ಗಂಡನ ಹೆಸರು ಭೀಮಪ್ಪ, ಹೆಂಡತಿ ಸತ್ಯವ್ವ. ಕಾಡುಹಂದಿಯಿಂದ ಕಬ್ಬು ಕಾಯಲು ತೋಟದ ಮಾಲೀಕ ಅವರಿಗೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಹಳೆಯ ಬಂದೂಕು ಕೊಟ್ಟಿದ್ದ. ಅಷ್ಟು ಕೇಳಿಕೊಂಡು ಅವನನ್ನು ತೊಳೆಯುವ ಕೋಣೆಗೆ ಒಯ್ಯಿಸಿದೆ. ಬೋಗುಣಿಯಲ್ಲಿ ಬಿಸಿನೀರು, ಕಾರ್ಬಾಲಿಕ್. ಗಾಯದ ಸುತ್ತ ಅರಿವೆ ಒತ್ತಿ, ಅವನ ಎರಡೂ ಕೈ ತೊಳೆದೆ, ಉಗುರಿನ ಸಂದಿಯವರೆಗೆ. ಸತ್ಯವ್ವ ಬಾಗಿಲಲ್ಲಿ ನಿಂತಿದ್ದಳು, ಮೊಣಕೈತನಕ ರಕ್ತ. ಒಳಗೆ ಕರೆದು ಆಕೆಯ ಕೈಯನ್ನೂ ತೊಳೆದೆ. ತೋಳಿನ ಮೇಲೆ ಹಳದಿಯಾಗುತ್ತಿದ್ದ ಬಾಸುಂಡೆ ಇತ್ತು, ಅದರ ಪಕ್ಕದಲ್ಲಿ ಇನ್ನೂ ಕೆಂಪಗಿದ್ದ ಇನ್ನೊಂದು. ರಕ್ತದ ಕೆಂಪಿನ ನಡುವೆಯೂ ನೀರು ಬೂದು ಬಣ್ಣವಾಗಿತ್ತು. ಆಮೇಲೆ ಬರ್ವೆ ಡಾಕ್ಟರನ್ನು ಕರೆದೆ.

ಬರ್ವೆ ಡಾಕ್ಟರು ಐವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಮಾರ್ಫಿಯಾ ಕೊಟ್ಟು, ಕ್ಲೋರೊಫಾರ್ಮ್ ಹಿಡಿಸಿ ಒಂದು ಗಂಟೆ ಕೆಲಸ ಮಾಡಿದರು. ಚರ್ರೆಗಳು, ಸೀಸದ ಸಣ್ಣ ಗುಂಡುಗಳು, ಒಂದೊಂದೇ ಠಣ್ ಎಂದು ತಟ್ಟೆಗೆ ಬಿದ್ದವು. ಕೊನೆಗೆ ಇಕ್ಕುಳದ ತುದಿಯಲ್ಲಿ ಒಂದು ಬಟ್ಟೆಯ ಉಂಡೆ ಬಂತು. ಬಿಡಿಸಿ ನೋಡಿದರೆ ಇಳಕಲ್ ಸೀರೆಯ ಕೆಂಪಂಚು. ಮದ್ದಿನ ಮೇಲೆ ಗಟ್ಟಿಯಾಗಿ ಜಡಿಯಲು ಹಳೆಯ ಸೀರೆಯ ಚೂರು ಬಳಸುತ್ತಾರಂತೆ. ಬಟ್ಟೆಯೂ ಒಳಗೆ ಹೋಗಿದೆಯೆಂದರೆ ಬಂದೂಕಿನ ಬಾಯಿ ಮೈಗೆ ತೀರ ಹತ್ತಿರ ಇತ್ತು ಅಂದರು ಡಾಕ್ಟರು. ಗಾಯಕ್ಕೆ ಅಯೊಡೊಫಾರ್ಮಿನ ಪಟ್ಟಿ ತುರುಕಿ, ಧನುರ್ವಾಯುವಿನ ಸೂಜಿ ಚುಚ್ಚಿ, ಕೈ ತೊಳೆಯುತ್ತ ನನ್ನನ್ನು ಕೇಳಿದರು, "ಇವರ ಕೈಯ ಮೇಲೆ ಮದ್ದಿನ ಮಸಿ ಇತ್ತೇ?"

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ವಿವರಿಸಿದರು. ಹಳೆಯ ಬಂದೂಕು ಹಾರಿದಾಗ ಅದರ ಕುದುರೆಯ, ಅಂದರೆ ಗುಂಡು ಹಾರಿಸುವ ಕೀಲಿನ, ಹತ್ತಿರದ ಕೈಗೆ ಹೊಗೆ ಬಡಿದು ಕಪ್ಪಾಗುತ್ತದೆ. ಗಾಯ ನೋಡಿ ಯಾರು ಹಾರಿಸಿದರೆಂದು ಹೇಳಲಾಗದು, ಕೈ ನೋಡಿ ಹೇಳಬಹುದು.

"ತೊಳೆದೆ" ಅಂದೆ.

"ಅವನದೋ?"

"ಇಬ್ಬರದೂ. ನೀರು ಬೂದಿಯ ಬಣ್ಣ ಆಗಿತ್ತು."

"ಯಾರ ಕೈ ಅದ್ದಿದಾಗ ಆಯಿತು?"

"ಒಂದೇ ಬೋಗುಣಿ" ಅಂದೆ. "ಗಮನಿಸಲಿಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಟವೆಲಿನಿಂದ ಬೆರಳು ಬೆರಳನ್ನೂ ಒರೆಸಿಕೊಳ್ಳುತ್ತ, ನಾವು ಗಾಯ ಶುದ್ಧ ಮಾಡುತ್ತೇವೆ, ಜೊತೆಗೆ ಸಾಕ್ಷಿಯನ್ನೂ ಶುದ್ಧ ಮಾಡಿಬಿಡುತ್ತೇವೆ ಅಂದು ಹೊರಟುಹೋದರು. ಬೈದದ್ದು ಮೇಟ್ರನ್ ಬಾಯಿ, ಅದೂ ಬೇರೆಯದೇ ಕಾರಣಕ್ಕೆ. ತೊಳೆದದ್ದು ಆಕೆಯ ಲೆಕ್ಕದಲ್ಲಿ ಸರಿಯೇ. ಇಬ್ಬರನ್ನು ಒಂದೇ ನೀರಿನಲ್ಲಿ ತೊಳೆದದ್ದು ಮಹಾಪರಾಧ. ನನ್ನ ಒಂದು ತಿಂಗಳ ಭಾನುವಾರದ ರಜೆ ಹೋಯಿತು. "ಬೇರೆ ಯಾರಾದರೂ ಮಾಡಿದ್ದರೆ ನಂಬುತ್ತಿದ್ದೆ. ನೀನು?" ಅಂದಳು.

ಮರುದಿನ ಪೊಲೀಸ್ ಜಮಾದಾರ ಬಂದ. ದಪ್ಪ ಮೀಸೆಯ, ಕೆಟ್ಟವನೇನೂ ಅಲ್ಲದ ಮನುಷ್ಯ. ಸತ್ಯವ್ವನಿಗೆ ಮರಾಠಿ ಬಾರದು, ಭೀಮಪ್ಪನಿಗೆ ಅರ್ಧಂಬರ್ಧ. ಹಾಗಾಗಿ ಇಬ್ಬರ ಮಾತನ್ನೂ ಜಮಾದಾರನಿಗೆ ಮುಟ್ಟಿಸುವ ಕೆಲಸ ನನ್ನ ತಲೆಗೆ ಬಂತು. ಭೀಮಪ್ಪ ಜ್ವರದಲ್ಲಿದ್ದ. ಆದರೂ ತಡವರಿಸದೆ ಹೇಳಿದ, "ಮದ್ದ ತುಂಬುವಾಗ ಹಾರೇತ್ರಿ. ನಾ ಒಬ್ಬನ ಇದ್ದೆ."

ಅದು ಹದಿನೇಳು. ದಾಮಲೆ ಪಕ್ಕದಲ್ಲೇ ಲೇಖನಿ ಹಿಡಿದು ನಿಂತಿದ್ದರು. ಆದರೆ ಜಮಾದಾರನಿಗೆ ಸಮಾಧಾನವಾಗಲಿಲ್ಲ. ಆವತ್ತು ಬೆಳಿಗ್ಗೆ ಗುಡಿಸಲಲ್ಲಿ ಗಂಡ ಹೆಂಡಿರ ಜಗಳ ಕೇಳಿಸಿತ್ತು ಅಂತ ಗಾಣದವರು ಹೇಳಿದ್ದರು. ಆತ ಭೀಮಪ್ಪನ ಕಿವಿಯ ಹತ್ತಿರ ಬಗ್ಗಿ, ಹೆಂಡತಿಯ ಮೇಲೆ ಅನುಮಾನ ಇದೆ, ಒಳಗೆ ಹಾಕಬೇಕಾಗುತ್ತದೆ ಅಂದ. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ. ಭೀಮಪ್ಪ ಜಂತಿಯ ಕಡೆಗೆ ಮುಖ ತಿರುಗಿಸಿದ.

"ಹಂಗಾರ ಬರಕೋರಿ. ನಾನ ಹೊಡಕೊಂಡೀನಿ. ಜೀವಾ ಬ್ಯಾಸರಾಗಿತ್ತು" ಅಂದ.

ಹದಿನೆಂಟು. ಅಂಥ ಯತ್ನಕ್ಕೂ ಕಾಯಿದೆಯಲ್ಲಿ ಜೈಲಿತ್ತು, ಬದುಕಿ ಉಳಿದ ತಪ್ಪಿಗೆ. ಜಮಾದಾರ ವರಾಂಡಕ್ಕೆ ಬಂದು, ಮೂಲೆಯಲ್ಲಿ ಮುದುರಿ ಕೂತಿದ್ದ ಸತ್ಯವ್ವನಿಗೆ ಇದನ್ನು ಹೇಳಿಸಿದ: ನಿನ್ನ ಗಂಡ ಗುಣವಾದ ಮೇಲೆ ಮನೆಗಲ್ಲ, ಜೈಲಿಗೆ ಹೋಗುತ್ತಾನೆ. ನಾನು ಹೇಳಿದೆ. ಆಕೆ ಎದ್ದು ನಿಂತಳು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಯಾವುದೋ ಕೆಲಸಕ್ಕೆ ಹೊರಟವಳ ಹಾಗೆ.

"ಸುಳ್ಳ ಹೇಳ್ತಾನ್ರಿ ಅಂವ. ನಾ ಹೊಡದೀನಿ. ನನ್ನನ್ನ ಕರಕೊಂಡ ಹೋಗ್ರಿ."

ಹತ್ತೊಂಬತ್ತು. ಅರ್ಧ ತಾಸಿನೊಳಗೆ ಪಟ್ಟಿಯ ಮೂರೂ ಅಂಕಿ ಮುಗಿದಿದ್ದವು. ಜಮಾದಾರ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಡಾಕ್ಟರ ಸರ್ಟಿಫಿಕೇಟು ಏನು ಹೇಳುತ್ತದೋ ಹಾಗೆ ಕೇಸು ಅಂದು ಹೋದ.

ಅಲ್ಲಿಂದ ಹತ್ತು ಹನ್ನೆರಡು ದಿನ ಕಷ್ಟದ್ದು. ಭೀಮಪ್ಪನ ಗಾಯ ಕೀವಾಯಿತು. ದಿನಕ್ಕೆ ಎರಡು ಸಲ ಪಟ್ಟಿ ಬಿಚ್ಚಿ ತೊಳೆಯುವುದು, ಒಳಗೆ ಉಳಿದ ಚೂರು ತೆಗೆಯುವುದು. ಜ್ವರ ಏರಿದಾಗ ಅವನು ಹಂದಿಗಳನ್ನು ಓಡಿಸುತ್ತ ಕೂಗುತ್ತಿದ್ದ. ಜ್ವರ ಇಳಿದಾಗ ನನ್ನನ್ನು ಕೇಳುವುದು ಒಂದೇ, "ಆಕಿ ಏನ ಹೇಳ್ಯಾಳ್ರಿ?" ವರಾಂಡಕ್ಕೆ ಹೋದರೆ ಸತ್ಯವ್ವನದೂ ಅದೇ, "ಅಂವ ಈಗ ಏನ ಹೇಳ್ತಾನ್ರಿ?" ಆಕೆಯನ್ನು ವಾರ್ಡಿನೊಳಗೆ ಬಿಡಬಾರದು ಅಂತ ಜಮಾದಾರನ ಕಟ್ಟುನಿಟ್ಟು. ನಡುವೆ ಓಡಾಡುತ್ತಿದ್ದವಳು ನಾನೊಬ್ಬಳೇ. ನಾನು ಒಂದು ಮಾತು ಆ ಕಡೆಯಿಂದ ಈ ಕಡೆಗೆ ದಾಟಿಸಿದ್ದರೆ ಇಬ್ಬರ ಕಥೆಯೂ ಒಂದಾಗುತ್ತಿತ್ತು. ದಾಟಿಸಲಿಲ್ಲ. ಡಾಕ್ಟರು ಬೇಡ ಅಂದಿದ್ದರು ಅನ್ನುವುದು ಒಂದು. ನಿಜವಾಗಿ ಹೇಳಬೇಕೆಂದರೆ ಭಯ ಇತ್ತು. ಆ ಇಬ್ಬರು ನನ್ನ ಭಾಷೆಯವರು ಅನ್ನುವ ಕಾರಣಕ್ಕೇ ಎಲ್ಲರ ಕಣ್ಣು ನನ್ನ ಮೇಲಿತ್ತು.

ಒಂದು ಮಧ್ಯಾಹ್ನ ಸತ್ಯವ್ವನ ತಲೆಗೆ ಎಣ್ಣೆ ಕೊಟ್ಟೆ. ಬಾಚಿಕೊಳ್ಳುತ್ತ ಆಕೆ ತಾನಾಗಿ ಹೇಳಿದಳು, "ಬಂದೂಕ ತುಂಬಿ ಕೊಡೂದು ನನ್ನ ಕೆಲಸಾನ ಇತ್ರಿ ಅಕ್ಕಾರ. ಅಂವಗ ಹೊಡಿಯೂದಷ್ಟ ಬರ್ತದ."

ಯಾವುದನ್ನು ಹೊಡೆಯುವುದು ಅಂತ ನಾನು ಕೇಳಲಿಲ್ಲ.

ಆಕೆಯೇ ಮುಂದುವರಿಸಿದಳು. "ಕುಡದ್ರ ಒಂದ ಕೆಟ್ಟ. ಕುಡೀದಿದ್ರ ಭಾಳ ಛಲೋ ಮನಷ್ಯಾರಿ. ಉಣ್ಣು ಅಂತ ತನ್ನ ತಾಟಿನಾಗಿಂದ ಕೊಡ್ತಾನ. ಅಂವ ಸಾಯಬಾರದರಿ."

ಈ ಮಾತನ್ನು ಆಕೆ ಹೇಳಿದ ರೀತಿಯಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಅಷ್ಟು ಮಾತ್ರ ನಾನು ಈಗಲೂ ಆಣೆ ಮಾಡಿ ಹೇಳಬಲ್ಲೆ.

ಭೀಮಪ್ಪನ ಜ್ವರ ಬಿಟ್ಟ ದಿನ ಬರ್ವೆ ಡಾಕ್ಟರು ಸರ್ಟಿಫಿಕೇಟು ಬರೆಯಲು ಕೂತರು. ನನ್ನಿಂದಲೂ ಬರೆಸಿಕೊಂಡರು. ಇಬ್ಬರ ಕೈಯನ್ನೂ ಒಂದೇ ಬೋಗುಣಿಯಲ್ಲಿ ತೊಳೆದೆ, ಮಸಿ ಯಾರದೆಂದು ಗಮನಿಸಲಿಲ್ಲ ಅಂತ ಬರೆದು ಸಹಿ ಮಾಡಿದೆ. ಅದರ ಕೆಳಗೆ ಅವರು ಗಾಯದ ಅಳತೆ, ಆಳ, ಬಟ್ಟೆಯ ಚೂರು ಎಲ್ಲ ವಿವರಿಸಿ, ಕೊನೆಗೆ ಬರೆದರು: ಗುಂಡು ಹತ್ತಿರದಿಂದ ಹಾರಿದೆ, ಆಕಸ್ಮಿಕವೋ, ತಾನೇ ಮಾಡಿಕೊಂಡದ್ದೋ, ಇನ್ನೊಬ್ಬರು ಮಾಡಿದ್ದೋ, ಗಾಯದಿಂದ ತಿಳಿಯದು.

ದಾಮಲೆಯವರ ಮುಖ ಬಾಡಿತು. "ಸಾಹೇಬ, ತಿಳಿಯದು ಅನ್ನುವುದಕ್ಕೆ ಆಕಡಾ ಇಲ್ಲ" ಅಂದರು.

"ಇಲ್ಲದಿದ್ದರೆ ಇಲ್ಲ."

"ಮೇಲಿನಿಂದ ವಾಪಸು ಬರುತ್ತದೆ."

"ಬರಲಿ. ನನಗೆ ತಿಳಿಯದ್ದನ್ನು ಹದಿನೇಳು ಅಂತ ಬರೆದರೆ ಅದು ದಯೆ ಅನ್ನಿಸಬಹುದು. ನಾಳೆ ಇನ್ನೊಬ್ಬ ಡಾಕ್ಟರು ಅಷ್ಟೇ ಸುಲಭವಾಗಿ ಹತ್ತೊಂಬತ್ತು ಬರೆಯುತ್ತಾನೆ" ಅಂದರು ಬರ್ವೆ. ಆ ವರ್ಷ ಅವರು ಆಡಿದ ಅತ್ಯಂತ ಉದ್ದದ ಮಾತು ಅದೇ ಇರಬೇಕು.

ವಾಪಸು ಬಂತು, ಕೆಂಪು ಶಾಯಿಯ ಗೆರೆಯೊಂದಿಗೆ. ಒಂದು ಅಂಕಿಯನ್ನು ಆರಿಸಿ ಕಳಿಸತಕ್ಕದ್ದು. ಡಾಕ್ಟರು ಅದೇ ವಾಕ್ಯವನ್ನು ಇನ್ನೊಮ್ಮೆ ಬರೆದು ಕಳಿಸಿದರು. ಮತ್ತೆ ಬಂತು, ಮತ್ತೆ ಹೋಯಿತು. ಅಷ್ಟರೊಳಗೆ ಪೊಲೀಸರಿಗೆ ಬೇಸರ ಬಂದಿತ್ತು. ತಪ್ಪು ನನ್ನದು ಅನ್ನುವವರು ಇಬ್ಬರು, ಇಬ್ಬರಲ್ಲಿ ಯಾರನ್ನೂ ಹಿಡಿದುಕೊಡಲು ಒಪ್ಪದ ಡಾಕ್ಟರು ಒಬ್ಬರು. ಬಂದೂಕನ್ನು ಜಪ್ತಿ ಮಾಡಿ, ಮಾಲೀಕನಿಗೆ ನಾಲ್ಕು ಮಾತು ಅಂದು, ಕಾಗದ ಮುಚ್ಚಿದರು. ತಿಂಗಳ ವರದಿಯಲ್ಲಿ ದಾಮಲೆ ಕೊನೆಗೆ ಏನು ಬರೆದರೋ ನನಗೆ ಗೊತ್ತಿಲ್ಲ. ಕೇಳಿದರೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಸಂಕ್ರಾಂತಿಯ ಮುಂಚಿನ ದಿನ ಭೀಮಪ್ಪನನ್ನು ಮನೆಗೆ ಕಳಿಸಿದೆವು. ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಹೆಗಲ ಕೀಲು ಹೋಗಿದೆ, ಇನ್ನು ಹಾಗೇ ಅಂದರು ಡಾಕ್ಟರು. ತಿಂಗಳ ಮೇಲೆ ಗಂಡ ಹೆಂಡತಿ ಅವತ್ತೇ ಎದುರಾಬದುರು ನಿಂತದ್ದು. ಆಕೆ ಅವನ ಕೈಗೆ ಕಟ್ಟಿದ್ದ ಜೋಲಿಯ ಗಂಟು ಬಿಚ್ಚಿ, ಸರಿಮಾಡಿ ಕಟ್ಟಿದಳು. ಅವನು ಸುಮ್ಮನೆ ಕತ್ತು ಬಗ್ಗಿಸಿ ನಿಂತಿದ್ದ.

ಅದರ ಮುಂದಿನ ಚಳಿಗಾಲ, ಮಧ್ಯಾಹ್ನದ ಹೊತ್ತಿನಲ್ಲಿ ಸತ್ಯವ್ವ ಒಬ್ಬಳೇ ಬಂದಳು. ಅರಿವೆಯಲ್ಲಿ ಸುತ್ತಿದ ಬೆಲ್ಲದ ಗಟ್ಟಿ ತಂದಿದ್ದಳು. ಮೈ ಸ್ವಲ್ಪ ತುಂಬಿತ್ತು. ತೋಳಿನ ಮೇಲೆ ಬಾಸುಂಡೆ ಇರಲಿಲ್ಲ. ನಾನು ಮೊದಲು ನೋಡಿದ್ದೇ ಅದನ್ನು, ಆಕೆಗೂ ಅದು ಗೊತ್ತಾಯಿತು.

"ಕೈ ಏಳೂದಿಲ್ಲಲ್ರಿ ಈಗ" ಅಂದಳು. ನಗಲಿಲ್ಲ, ಅಳಲಿಲ್ಲ. "ನಾನ ಉಣಸ್ತೀನಿ. ಒಮ್ಮೊಮ್ಮೆ ಪಾಪ ಅನಸ್ತದ."

ತೊಳೆಯುವ ಕೋಣೆಯ ಬಾಗಿಲಲ್ಲೇ ಕೂತೆವು. ಒಳಗೆ ಅದೇ ಬೋಗುಣಿಗಳು, ಬೋರಲು ಹಾಕಿದ್ದವು. ಆಕೆ ಅವುಗಳನ್ನು ಸ್ವಲ್ಪ ಹೊತ್ತು ನೋಡಿ ಕೇಳಿದಳು.

"ಅಕ್ಕಾರ, ಒಂದ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇಲ್ಲಿ ಒಬ್ಬೊಬ್ಬರಿಗೂ ಹೊಸಾ ನೀರು ತಗೋತೀರಿ ನೀವು. ವರಾಂಡದಾಗ ಕುಂತ ದಿನಾ ನೋಡೀನಿ. ಆವತ್ತ ನನ್ನ ಕೈ ಅಂವನ ನೀರಾಗ ಯಾಕ ಅದ್ದಿಸಿದ್ರಿ?"

ಡಾಕ್ಟರು ಕೇಳದ ಪ್ರಶ್ನೆ, ಜಮಾದಾರ ಕೇಳದ ಪ್ರಶ್ನೆ. ಮೇಟ್ರನ್ ಬಾಯಿ ಅರ್ಧ ಕೇಳಿ ಬಿಟ್ಟಿದ್ದಳು.

"ಗಡಿಬಿಡಿಯಾಗ ಆತವ್ವಾ" ಅಂದೆ.

ಸತ್ಯವ್ವ ನನ್ನನ್ನು ನೋಡಿದಳು. ಅವಳಿಗೆ ನನ್ನ ಮೇಲೆ ಕರುಣೆ ಬಂದಂತೆ ಕಂಡಿತು. "ಹಂಗ ಅನ್ರಿ. ನಾವೂ ಹಂಗ ಅಂತೀವಿ" ಅಂದು, ಬೆಲ್ಲವನ್ನು ನನ್ನ ಮಡಿಲಿಗೆ ಇಟ್ಟು ಎದ್ದು ಹೋದಳು. ಆಮೇಲೆ ಅವರನ್ನು ನಾನು ನೋಡಲಿಲ್ಲ.

ಮುಂದೆ ಎಷ್ಟೋ ವರ್ಷದ ಮೇಲೆ, ನಾನು ನಿವೃತ್ತಳಾಗುವ ಹೊತ್ತಿಗೆ, ಗಾಯಗಳ ಹೊಸ ಪಟ್ಟಿಯೊಂದು ಆಸ್ಪತ್ರೆಗೆ ಬಂತು. ಅದರಲ್ಲಿ ಉದ್ದೇಶ ತಿಳಿಯದ್ದಕ್ಕೂ ಒಂದು ಅಂಕಿ ಇತ್ತು. ಬರ್ವೆ ಡಾಕ್ಟರು ಅದನ್ನು ನೋಡಲು ಇರಲಿಲ್ಲ. ಆ ಸಾಲಿನ ಮೇಲೆ ಬೆರಳಿಟ್ಟೆ. ಬಂದೂಕಿನ ಗಾಯ ನೆನಪಾದದ್ದೇನೋ ನಿಜ. ಆದರೆ ಅಲ್ಲಿ ಬರೆಯಬೇಕಾದದ್ದು ಭೀಮಪ್ಪನ ಹೆಸರೋ, ನನ್ನದೋ ತಿಳಿಯಲಿಲ್ಲ. ಮಸಿ ಯಾರ ಕೈಯಲ್ಲಿತ್ತೆಂದು ಗಮನಿಸಲಿಲ್ಲ ಅಂತ ಸಹಿ ಮಾಡಿದ್ದೆ. ಇಷ್ಟು ವರ್ಷ ಅದನ್ನೇ ಹೇಳುತ್ತ ಬಂದು ಈಗ ನಾನೇ ಅದನ್ನು ನಂಬಿದ್ದೇನೋ, ಅಥವಾ ಅದು ನಿಜವೇ ಇತ್ತೋ, ನನಗೂ ಬಗೆಹರಿಯದು. ತೋಳಿನ ಮೇಲಿನ ಬಾಸುಂಡೆ ಮಾತ್ರ ಬಣ್ಣದ ಸಮೇತ ನೆನಪಿದೆ.

"ದೊಡ್ಡಮ್ಮಾ, ಇನ್ನೊಂದ ಕೈಗೂ ಹತ್ತೇದ ನೋಡ್ರಿ" ಎಂದು ಶೈಲಾ ಈ ದೀಪಾವಳಿಯಲ್ಲಿ ಎಡಗೈ ಚಾಚಿದಾಗ, ನಾನು ಬೋಗುಣಿ ಎತ್ತಿಕೊಂಡು ಎದ್ದೆ. "ಅದರಾಗ ತೊಳೀರಲ್ಲ, ನನ್ನವ ಎರಡೂ ಕೈ" ಅಂತ ನಕ್ಕಳು. ನಾನು ಕೇಳಲಿಲ್ಲ. ಮೊಣಕಾಲು ನೋಯುತ್ತಿದ್ದರೂ ಹಿತ್ತಲಿಗೆ ಹೋಗಿ ಬೂದು ನೀರು ಚೆಲ್ಲಿ, ಹೊಸದು ಹಿಡಿದುಕೊಂಡು ಬಂದೆ.

ಆಸ್ಪತ್ರೆಯ ಆ ಕೋಣೆಯಲ್ಲಿ ಆವತ್ತು ಗಡಿಬಿಡಿಯೇನೂ ಇರಲಿಲ್ಲ. ನಲ್ಲಿ ಮೂರು ಹೆಜ್ಜೆ ದೂರದಲ್ಲಿತ್ತು.